ನೆಲ ಅಗೆಯದೆ ನೆಲದ ಶುದ್ಧಿ: ವಿದೇಶೀ ವಿಧಾನಗಳೂ ನಮ್ಮ ಜಿಲ್ಲೆಯ ಬಂಡೆಯೂ

2023ರಲ್ಲಿ ನನ್ನ ಕಕ್ಷಿದಾರರೊಬ್ಬರು ನೆಲಮಂಗಲ ತಾಲ್ಲೂಕಿನ ಕೈಗಾರಿಕಾ ಪ್ರದೇಶವೊಂದರಲ್ಲಿ ಹಳೆಯ ಶೆಡ್ಡೊಂದನ್ನು ಕೊಳ್ಳಲು ನಿಶ್ಚಯಿಸಿದ್ದರು. ಅವರದು ಯಂತ್ರಭಾಗಗಳನ್ನು ತಯಾರಿಸುವ ಸಣ್ಣ ಉದ್ಯಮ. ಕ್ರಯಪತ್ರದ ಸರಪಳಿ, ಮೂವತ್ತು ವರ್ಷಗಳ ಋಣಭಾರ ಪ್ರಮಾಣಪತ್ರ, ಖಾತೆ, ತೆರಿಗೆ ರಸೀದಿ, ವಿದ್ಯುತ್ ಬಾಕಿ ಎಲ್ಲವನ್ನೂ ನಾನೇ ಪರಿಶೀಲಿಸಿ ಸಮ್ಮತಿ ನೀಡಿದ್ದೆ. ಬ್ಯಾಂಕಿನ ಸಾಲವೂ ಮಂಜೂರಾಗಿತ್ತು. ನೋಂದಣಿಗೆ ವಾರವಿರುವಾಗ ಸ್ಥಳಕ್ಕೆ ಹೋದ ಕಕ್ಷಿದಾರರು, ಕೊಳವೆಬಾವಿಯಿಂದ ತೊಟ್ಟಿಗೆ ತುಂಬಿದ ನೀರು ನಿಂಬೆಯ ಪಾನಕದಂತೆ ತೆಳುಹಳದಿಯಾಗಿರುವುದನ್ನು ಕಂಡರು. ಕಾವಲುಗಾರನನ್ನು ಕೇಳಿದರೆ, 'ಮೊದಲಿಂದಲೂ ಹಂಗೇ ಸಾರ್, ನಾವು ಕುಡಿಯಲ್ಲ' ಎಂದನಂತೆ. ವಿಚಾರಿಸಿದಾಗ, ಹಿಂದಿನ ಬಾಡಿಗೆದಾರರು ಅಲ್ಲಿ ಹಲವು ವರ್ಷಗಳ ಕಾಲ ಕ್ರೋಮಿಯಂ ಲೇಪನದ ಕೆಲಸ ನಡೆಸಿದ್ದರೆಂದು ತಿಳಿಯಿತು. ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸಲಾಯಿತು. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರ ಪ್ರಕಾರ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದ ಕ್ರೋಮಿಯಂ ಅಲ್ಲಿ ಹತ್ತಾರು ಪಟ್ಟು ಹೆಚ್ಚಿತ್ತು.

ಮೂರು ದಶಕಗಳಿಂದ ಲೆಕ್ಕಪರಿಶೋಧನೆಯ ವೃತ್ತಿಯಲ್ಲಿರುವ ನನ್ನ ತಪಾಸಣಾ ಪಟ್ಟಿಯಲ್ಲಿ ನೆಲದ ಮೇಲಿನ ಪ್ರತಿಯೊಂದು ಋಣಕ್ಕೂ ಅಂಕಣವಿತ್ತು. ನೆಲದ ಕೆಳಗಿನ ಋಣಕ್ಕೆ ಒಂದೂ ಇರಲಿಲ್ಲ. ಬ್ಯಾಂಕಿನ ಮೌಲ್ಯಮಾಪಕರ ವರದಿಯಲ್ಲಿಯೂ ಇರಲಿಲ್ಲ.

ಕೆಲವೇ ದಿನಗಳಲ್ಲಿ ಸಲಹೆಗಾರರೊಬ್ಬರು ಬಣ್ಣದ ಕೈಪಿಡಿಯೊಂದಿಗೆ ಪ್ರತ್ಯಕ್ಷರಾದರು. ಒಂದು ಹಿಡಿ ಮಣ್ಣನ್ನೂ ಅಗೆಯಬೇಕಾಗಿಲ್ಲ, ವಿದೇಶದಿಂದ ತರಿಸಿದ ಕಬ್ಬಿಣದ ನ್ಯಾನೋ ಪುಡಿಯನ್ನು ನೆಲದೊಳಕ್ಕೆ ತುಂಬಿದರೆ ಆರು ತಿಂಗಳಲ್ಲಿ ನೀರು ತಿಳಿಯಾಗುತ್ತದೆ ಎಂಬುದು ಅವರ ಭರವಸೆ. ಅವರು ಕೇಳಿದ ಮೊತ್ತ ಶೆಡ್ಡಿನ ಬೆಲೆಯ ಅರ್ಧಕ್ಕೆ ಸಮೀಪವಿತ್ತು. ವಿಷಯ ತಿಳಿಯದ ನಾನು ಅಂದು ಒಂದೇ ಪ್ರಶ್ನೆ ಕೇಳಿದೆ: ಪುಡಿಯನ್ನು ಎಲ್ಲಿಗೆ, ಎಷ್ಟು ಆಳಕ್ಕೆ ತುಂಬುವಿರಿ? ಅವರ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆಯ ಬೆನ್ನುಹತ್ತಿ ಓದಿ, ಬಲ್ಲ ಭೂವಿಜ್ಞಾನಿಗಳನ್ನು ಕೇಳಿ ತಿಳಿದುದನ್ನು ನಮ್ಮ ವರ್ತಕ ಹಾಗೂ ಸಣ್ಣ ಕೈಗಾರಿಕಾ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

ಇದು ನಮ್ಮ ಮನೆಯಂಗಳದ ವಿಷಯ

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕೆರೆಗಳನ್ನು ಹಾದು ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳ ಕಡೆಗೆ ಹರಿಯುತ್ತಿದ್ದ ನದಿ. ಬೆಂಗಳೂರಿಗೆ ಮೊದಲ ನಲ್ಲಿ ನೀರು ಬಂದುದು 1894ರಲ್ಲಿ ಹೆಸರಘಟ್ಟದಿಂದ. ತಿಪ್ಪಗೊಂಡನಹಳ್ಳಿಯ ಜಲಾನಯನ ಪ್ರದೇಶವನ್ನು ಉಳಿಸಲೆಂದು ರಾಜ್ಯ ಸರ್ಕಾರ 2003ರ ನವೆಂಬರ್‌ನಲ್ಲಿ ವಿಶೇಷ ಅಧಿಸೂಚನೆಯನ್ನೇ ಹೊರಡಿಸಿತು. ಆದಾಗ್ಯೂ 2012ರ ಸುಮಾರಿಗೆ ಅಲ್ಲಿಂದ ಕುಡಿಯುವ ನೀರೆತ್ತುವುದು ನಿಂತುಹೋಯಿತು. ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ಮತ್ತು ದೊಡ್ಡಬಳ್ಳಾಪುರ ಪಟ್ಟಣದ ಕೊಳೆನೀರು ತಮ್ಮ ಕೆರೆಗಳನ್ನು ಸೇರುತ್ತಿದೆಯೆಂದು ಚಿಕ್ಕತುಮಕೂರು, ದೊಡ್ಡತುಮಕೂರು, ಮಜರಾಹೊಸಹಳ್ಳಿಗಳ ಗ್ರಾಮಸ್ಥರು ವರ್ಷಗಳಿಂದ ಹೋರಾಡುತ್ತಿರುವುದು ಪತ್ರಿಕೆಗಳನ್ನು ಓದುವ ಎಲ್ಲರಿಗೂ ತಿಳಿದಿದೆ.

ತುಮಕೂರು ರಸ್ತೆಯಲ್ಲಿ ನೆಲಮಂಗಲಕ್ಕಿಂತ ಮೊದಲು ಸಿಗುವ ಪೀಣ್ಯ ನಗರ ಜಿಲ್ಲೆಗೆ ಸೇರಿದರೂ ಪಾಠ ನಮಗೂ ಅನ್ವಯಿಸುತ್ತದೆ. ಅಲ್ಲಿನ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಇರುವುದನ್ನು ಹಲವು ಅಧ್ಯಯನಗಳು ದಾಖಲಿಸಿವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2009ರಲ್ಲಿ ದೇಶದ ಕೈಗಾರಿಕಾ ಸಮುಚ್ಚಯಗಳಿಗೆ ಅಂಕ ನೀಡಿದಾಗ ಪೀಣ್ಯ 'ತೀವ್ರ ಮಲಿನ' ವರ್ಗದಲ್ಲಿತ್ತು. ಪೀಣ್ಯದ ಬಾಡಿಗೆ ಏರಿದಂತೆ ಲೇಪನ, ಶಾಖೋಪಚಾರ, ಬಣ್ಣಗಾರಿಕೆಗಳ ಸಣ್ಣ ಘಟಕಗಳು ನೆಲಮಂಗಲ, ದಾಬಸ್‌ಪೇಟೆಗಳ ಕಡೆಗೆ ಸರಿಯುತ್ತ ಬಂದುದನ್ನು ನನ್ನ ಕಕ್ಷಿದಾರರ ವಿಳಾಸ ಬದಲಾವಣೆಗಳಲ್ಲಿಯೇ ಕಂಡಿದ್ದೇನೆ.

ಕೆಟ್ಟ ಮಣ್ಣನ್ನು ಅಗೆದು ಬೇರೆಡೆ ಸಾಗಿಸಿಬಿಡಬಹುದಲ್ಲ ಎಂದು ಕೆಲವರು ಕೇಳುವುದುಂಟು. ಲೆಕ್ಕ ಹಾಕಿ ನೋಡೋಣ. ಅರ್ಧ ಎಕರೆಯೆಂದರೆ ಸುಮಾರು 2,000 ಚದರ ಮೀಟರು. ಐದು ಮೀಟರು ಆಳಕ್ಕೆ ಅಗೆದರೆ 10,000 ಘನ ಮೀಟರು, ಅಂದರೆ ಸುಮಾರು 18,000 ಟನ್ ಮಣ್ಣು. ಹತ್ತು ಟನ್ನಿನ ಟಿಪ್ಪರಿನಲ್ಲಿ 1,800 ಸರದಿ. ಅಷ್ಟನ್ನೂ ಅಪಾಯಕಾರಿ ತ್ಯಾಜ್ಯವೆಂದೇ ಪರಿಗಣಿಸಿ ಅನುಮತಿ ಪಡೆದ ನೆಲಭರ್ತಿಗೆ ಒಯ್ಯಬೇಕು. ಅಂತಹ ನೆಲಭರ್ತಿ ಇರುವುದಾದರೂ ಎಲ್ಲಿ? ನಮ್ಮದೇ ಜಿಲ್ಲೆಯ ದಾಬಸ್‌ಪೇಟೆಯಲ್ಲಿ. ಒಂದು ಹೋಬಳಿಯ ವಿಷವನ್ನು ಮತ್ತೊಂದು ಹೋಬಳಿಗೆ ಸಾಗಿಸಲು ಇಷ್ಟು ಖರ್ಚು. ಅದೂ ಅಲ್ಲದೆ, ಮಣ್ಣನ್ನು ತೆಗೆದ ಮಾತ್ರಕ್ಕೆ ಕೆಳಗಿನ ಬಂಡೆಯ ಬಿರುಕುಗಳಲ್ಲಿ ಇಳಿದಿರುವ ನೀರು ಶುದ್ಧವಾಗುವುದಿಲ್ಲ. ಆದುದರಿಂದ 'ಅಗೆಯದೆ ಶುದ್ಧಿ' ಎಂಬ ಮಾತು ಆಕರ್ಷಕವಾಗಿ ಕಾಣುವುದು ಸಹಜ.

ಕಬ್ಬಿಣದ ಗೋಡೆ, ಕಾಕಂಬಿಯ ಬಾವಿ

ಅಮೆರಿಕದವರು ಮೊದಲು ಮಾಡಿದ್ದು ಸರಳವಾದ ಕೆಲಸ: ಕೆಟ್ಟ ನೀರನ್ನು ಮೇಲಕ್ಕೆ ಪಂಪು ಮಾಡಿ, ಶುದ್ಧಗೊಳಿಸಿ ಬಿಡುವುದು. ಅವರ ರಾಷ್ಟ್ರೀಯ ಸಂಶೋಧನಾ ಮಂಡಳಿ 1994ರಲ್ಲಿ ಇಂತಹ 77 ತಾಣಗಳನ್ನು ಪರಿಶೀಲಿಸಿದಾಗ ಬಹುಪಾಲು ತಾಣಗಳು ಗುರಿ ಮುಟ್ಟಿರಲಿಲ್ಲ. ಕಾರಣವನ್ನು ದೊಡ್ಡಬಳ್ಳಾಪುರದ ಬಣ್ಣಗಾರರಿಗೆ ವಿವರಿಸಬೇಕಾಗಿಲ್ಲ. ಬಣ್ಣ ಹಾಕಿದ ನೂಲನ್ನು ಜಾಲಿಸಿದಾಗ ನೀರು ತಿಳಿಯಾಗಿ ಬರುತ್ತದೆ. ಅದೇ ನೂಲನ್ನು ರಾತ್ರಿಯಿಡೀ ನೆನೆಹಾಕಿದರೆ ಬೆಳಗ್ಗೆ ನೀರಿಗೆ ಮತ್ತೆ ಬಣ್ಣ. ಜೇಡಿಮಣ್ಣಿನಲ್ಲಿಯೂ ಬಂಡೆಯ ಸಣ್ಣ ಸಂದುಗಳಲ್ಲಿಯೂ ಹಿಡಿದಿಟ್ಟುಕೊಂಡ ರಾಸಾಯನಿಕ ವರ್ಷಗಟ್ಟಲೆ ಹೀಗೆಯೇ ಹೊರಬರುತ್ತಿರುತ್ತದೆ.

ಇದರ ಬಳಿಕ ಬಂದ ವಿಧಾನಗಳಲ್ಲಿ ನಮ್ಮ ಲೇಪನ ಘಟಕಗಳವರು ತಿಳಿಯಬೇಕಾದ ಪ್ರಕರಣ ಉತ್ತರ ಕ್ಯಾರೊಲಿನಾ ರಾಜ್ಯದ ಎಲಿಜಬೆತ್ ಸಿಟಿಯದು. ಅಮೆರಿಕದ ಕರಾವಳಿ ರಕ್ಷಣಾ ಪಡೆಯ ವಿಮಾನ ಶೆಡ್ಡಿನೊಳಗೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕ್ರೋಮ್ ಲೇಪನದ ಕಾರ್ಯಾಗಾರವಿತ್ತು. ಕಾಂಕ್ರೀಟ್ ನೆಲದ ತೂತುಗಳ ಮೂಲಕ ಆಮ್ಲ ಸೋರಿದ್ದು 1988ರಲ್ಲಿ ಬೆಳಕಿಗೆ ಬಂದಿತು. ಕ್ರೋಮಿಯಂ ಮತ್ತು ಟ್ರೈಕ್ಲೋರೋಎಥಿಲೀನ್ ಎರಡೂ ಬೆರೆತ ನೀರು ಸಮೀಪದ ನದಿಯತ್ತ ಹರಿಯುತ್ತಿತ್ತು. 1996ರಲ್ಲಿ ಆ ಹರಿವಿಗೆ ಅಡ್ಡಲಾಗಿ 46 ಮೀಟರು ಉದ್ದ, 7.3 ಮೀಟರು ಆಳ, 0.6 ಮೀಟರು ಅಗಲದ ಕಂದಕ ತೋಡಿ ಅದಕ್ಕೆ ಕಬ್ಬಿಣದ ಚೂರನ್ನು ತುಂಬಲಾಯಿತು. ವೆಚ್ಚ ಸುಮಾರು 5 ಲಕ್ಷ ಡಾಲರ್. ನೀರು ತಾನಾಗಿ ಆ ಗೋಡೆಯೊಳಗೆ ಹಾದುಹೋಗುವಾಗ ಕಬ್ಬಿಣವು ವಿಷಕಾರಿಯಾದ, ನೀರಿನಲ್ಲಿ ಕರಗುವ ಹೆಕ್ಸಾವೇಲೆಂಟ್ ಕ್ರೋಮಿಯಮ್ಮನ್ನು ಕರಗದ ಟ್ರೈವೇಲೆಂಟ್ ಕ್ರೋಮಿಯಂ ಆಗಿ ಮಾರ್ಪಡಿಸಿ ಅಲ್ಲಿಯೇ ಹಿಡಿದಿಡುತ್ತದೆ. ಪಂಪಿಲ್ಲ, ವಿದ್ಯುತ್ತಿಲ್ಲ, ಕೆಲಸಗಾರರಿಲ್ಲ. ವರ್ಷಗಳ ನಂತರದ ಪರೀಕ್ಷೆಗಳಲ್ಲಿಯೂ ಗೋಡೆ ದಾಟಿದ ನೀರಿನಲ್ಲಿ ಕ್ರೋಮಿಯಂ ಅಲ್ಲಿನ ಮಿತಿಯೊಳಗಿತ್ತು.

ಇದರ ರಸಾಯನಶಾಸ್ತ್ರ ನಮಗೆ ಹೊಸತಲ್ಲ ಎಂಬುದು ಗಮನಾರ್ಹ. ಲೇಪನ ಘಟಕದ ತ್ಯಾಜ್ಯನೀರಿನ ತೊಟ್ಟಿಯಲ್ಲಿ ಸೋಡಿಯಂ ಮೆಟಾಬೈಸಲ್ಫೈಟನ್ನೋ ಫೆರಸ್ ಸಲ್ಫೇಟನ್ನೋ ಹಾಕಿದಾಗ ಹಳದಿ ನೀರು ಹಸಿರಾಗುವುದನ್ನು ನಮ್ಮ ಉದ್ಯಮಿಗಳು ದಿನವೂ ಕಾಣುತ್ತಾರೆ. ಅದನ್ನೇ ಅವರು ನೆಲದೊಳಗೆ ಮಾಡಿದರು.

ಎರಡನೆಯ ವಿಧಾನ ಇನ್ನೂ ಪರಿಚಿತವಾದುದು. ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟಿನಲ್ಲಿ ವಿಮಾನದ ಎಂಜಿನ್ ತಯಾರಿಸುವ ಕಾರ್ಖಾನೆಯೊಂದರ ಅಂಗಳದಲ್ಲಿ 1997ರಿಂದ ಬಾವಿಗಳ ಮೂಲಕ ನೆಲದೊಳಕ್ಕೆ ಕಾಕಂಬಿಯ ದ್ರಾವಣವನ್ನು ಬಿಡಲಾಯಿತು. ನಮ್ಮ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಅದೇ ಕಾಕಂಬಿ. ಮಣ್ಣಿನಲ್ಲಿ ಮೊದಲೇ ಇರುವ ಸೂಕ್ಷ್ಮಜೀವಿಗಳು ಅದನ್ನು ತಿಂದು ಬೆಳೆದು ಆಮ್ಲಜನಕವನ್ನು ಮುಗಿಸುತ್ತವೆ. ಆ ಸ್ಥಿತಿಯಲ್ಲಿ ಕ್ರೋಮಿಯಂ ಅಪಕರ್ಷಣೆ ಹೊಂದಿ ನೆಲೆನಿಲ್ಲುತ್ತದೆ, ಕ್ಲೋರಿನ್‌ಯುಕ್ತ ದ್ರಾವಕಗಳೂ ಹಂತಹಂತವಾಗಿ ಒಡೆಯುತ್ತವೆ. ಕ್ಯಾಲಿಫೋರ್ನಿಯಾದ ಹಿಂಕ್ಲಿ ಎಂಬ ಊರಿನಲ್ಲಿ ಇದೇ ತತ್ವದ ಮೇಲೆ ಎಥನಾಲ್ ಬಳಸಲಾಗಿದೆ. ಅಲ್ಲಿನ ಅನಿಲ ಕಂಪನಿ 1996ರಲ್ಲಿ ನಿವಾಸಿಗಳಿಗೆ 33.3 ಕೋಟಿ ಡಾಲರ್ ಪರಿಹಾರ ಕೊಟ್ಟು ರಾಜಿ ಮಾಡಿಕೊಂಡದ್ದು ಚಲನಚಿತ್ರವೂ ಆಯಿತು. ಶುದ್ಧೀಕರಣದ ಕೆಲಸ ಮಾತ್ರ ಆ ನಂತರವೂ ದಶಕಗಳ ಕಾಲ ಎಳೆಯಿತು.

ಪೆಟ್ರೋಲ್ ಬಂಕುಗಳ ಸೋರಿಕೆಗೆ ಮಣ್ಣಿನ ಆವಿಯನ್ನು ಹೀರುವ ಮತ್ತು ನೆಲಕ್ಕೆ ಗಾಳಿಯೂದುವ ವಿಧಾನಗಳಿವೆ. ಡೀಸೆಲ್, ಎಣ್ಣೆಗಳನ್ನು ತಿನ್ನುವ ಬ್ಯಾಕ್ಟೀರಿಯಾ ಮಿಶ್ರಣವನ್ನು ದೆಹಲಿಯ ಟೆರಿ ಸಂಸ್ಥೆಯೇ ಸಿದ್ಧಪಡಿಸಿದೆ. ಅವುಗಳಿಗೆ ಇಲ್ಲಿ ಹೆಚ್ಚು ಸ್ಥಳ ಕೊಡುವುದಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಬಣ್ಣಗಾರಿಕೆಯ ಮಿತ್ರರಿಗೆ ಹೇಳಲೇಬೇಕು. ಉಪ್ಪನ್ನು ತಿನ್ನುವ ಸೂಕ್ಷ್ಮಜೀವಿ ಇಲ್ಲ, ಉಪ್ಪನ್ನು ಹಿಡಿಯುವ ಕಬ್ಬಿಣದ ಗೋಡೆಯೂ ಇಲ್ಲ. ಬಣ್ಣವನ್ನು ಒಡೆಯಬಹುದು, ಬಣ್ಣದೊಂದಿಗೆ ನೆಲಕ್ಕಿಳಿದ ಸೋಡಿಯಂ ಕ್ಲೋರೈಡ್ ಹಾಗೆಯೇ ಉಳಿಯುತ್ತದೆ. ತಿರುಪ್ಪೂರಿನ ಕೆಳಗೆ ನೊಯ್ಯಲ್ ನದಿಗೆ ಕಟ್ಟಿದ ಒರತುಪಾಳಯಂ ಅಣೆಕಟ್ಟು ನೀರಾವರಿಯ ಬದಲು ಬಣ್ಣಗಾರಿಕೆಯ ತ್ಯಾಜ್ಯದ ತೊಟ್ಟಿಯಾಯಿತು. 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯ ಅಲ್ಲಿನ ಬಣ್ಣದ ಘಟಕಗಳನ್ನೇ ಮುಚ್ಚಿಸಿತು. ಅಗೆಯದೆ ಮಾಡುವ ಯಾವ ವಿಧಾನವೂ ಆ ರೈತರ ಬಾವಿಗಳ ನೆರವಿಗೆ ಬರುವಂತಿರಲಿಲ್ಲ.

ನಮ್ಮ ಬಂಡೆಯ ತಕರಾರು

ಈಗ ನನ್ನ ಮೂಲ ಪ್ರಶ್ನೆಗೆ ಬರೋಣ: ಎಲ್ಲಿಗೆ, ಎಷ್ಟು ಆಳಕ್ಕೆ?

ಎಲಿಜಬೆತ್ ಸಿಟಿ ಕರಾವಳಿಯ ಮರಳು ನೆಲ. ನೀರು ಒಂದೆರಡು ಆಳುದ್ದದಲ್ಲಿಯೇ ಸಿಗುತ್ತದೆ ಮತ್ತು ಒಂದು ದಿಕ್ಕಿನತ್ತ ನಿಧಾನವಾಗಿ ಹರಿಯುತ್ತದೆ. ಏಳು ಮೀಟರಿನ ಗೋಡೆ ಅದನ್ನು ಹಿಡಿಯಬಲ್ಲುದು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಅಡಿಪಾಯ ಗಟ್ಟಿ ನೈಸ್ ಮತ್ತು ಗ್ರಾನೈಟ್ ಶಿಲೆ. ಅದರ ಮೇಲೆ ಹತ್ತಿಪ್ಪತ್ತು ಮೀಟರಿನಷ್ಟು ಕೆಮ್ಮಣ್ಣು ಮತ್ತು ಶಿಥಿಲಗೊಂಡ ಕಲ್ಲಿನ ಪದರ. ನಮ್ಮ ಹಿರಿಯರ ತೆರೆದ ಬಾವಿಗಳು ಈ ಪದರದ ನೀರನ್ನೇ ನಂಬಿದ್ದವು. ಆ ನೀರು ಎಂದೋ ಬತ್ತಿದೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ನಾಲ್ಕೂ ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ಪಟ್ಟಿಗೆ ಸೇರಿದ್ದು, ಕೊಳವೆಬಾವಿಗಳು ಸಾವಿರ ಅಡಿ ದಾಟುವುದು ಇಂದು ಯಾರಿಗೂ ಆಶ್ಚರ್ಯವಲ್ಲ. ಅಲ್ಲಿ ಸಿಗುವ ನೀರು ಮರಳಿನಲ್ಲಿ ಹರಡಿದ ನೀರಲ್ಲ. ಬಂಡೆಯ ಬಿರುಕಿನಲ್ಲಿ ಓಡುವ ನೀರು. ಒಂದು ಶೆಡ್ಡಿನ ಬಾವಿಯಲ್ಲಿ ಕ್ರೋಮಿಯಂ ಇದ್ದು, ಗೋಡೆಯಾಚೆಯ ನೆರೆಯವರ ಬಾವಿ ಶುದ್ಧವಾಗಿದ್ದು, ಅರ್ಧ ಕಿಲೋಮೀಟರು ದೂರದ ತೋಟದ ಬಾವಿಯಲ್ಲಿ ಮತ್ತೆ ಕಾಣಿಸಿಕೊಳ್ಳುವುದು ಇಂತಹ ನೆಲದಲ್ಲಿ ಸಾಧ್ಯ.

ಇಂತಹ ಕಡೆ ಏಳು ಮೀಟರಿನ ಕಬ್ಬಿಣದ ಗೋಡೆ ಒಣಮಣ್ಣಿನಲ್ಲಿ ನಿಂತ ಗೋಡೆಯಷ್ಟೆ. ಒಂದು ಕೊಳವೆಬಾವಿಗೆ ನ್ಯಾನೋ ಪುಡಿ ತುಂಬಿದರೆ ಅದು ವಿಷವಿರುವ ಬಿರುಕಿಗೇ ಹೋಗುವುದೆಂದು ಯಾರೂ ಭರವಸೆ ಕೊಡಲಾರರು. ಬಿರುಕುಬಂಡೆಯ ವಿಷಯದಲ್ಲಿ ಅಮೆರಿಕದವರ ಅನುಭವವೂ ಭಿನ್ನವಲ್ಲ. ತಾಂತ್ರಿಕವಾಗಿ ಅಸಾಧ್ಯವೆಂದು ಒಪ್ಪಿ ಶುದ್ಧೀಕರಣದ ಗುರಿಯಿಂದ ವಿನಾಯಿತಿ ಕೊಡುವ ಕ್ರಮವನ್ನು ಅವರ ಪರಿಸರ ಇಲಾಖೆ 1993ರಲ್ಲಿಯೇ ರೂಪಿಸಿತು. ನಮ್ಮ ದೇಶದಲ್ಲಿ ಕಾನ್ಪುರದ ನೌರೈಯಾ ಖೇಡಾದಲ್ಲಿ ಕ್ರೋಮಿಯಮ್ಮನ್ನು ನೆಲದೊಳಗೇ ಅಪಕರ್ಷಿಸುವ ಪ್ರಯೋಗ ನಡೆದಿದೆಯಾದರೂ ಅದು ಗಂಗಾ ಬಯಲಿನ ಮೆಕ್ಕಲುಮಣ್ಣು.

ಹಾಗಾದರೆ ವಿದೇಶೀ ವಿಧಾನಗಳು ನಮಗೆ ನಿರುಪಯೋಗಿಯೇ? ಹಾಗೆ ಹೇಳಲಾಗದು. ನಮ್ಮಲ್ಲಿ ಸೋರಿದ ಕ್ರೋಮಿಯಮ್ಮಿನ ಗಣನೀಯ ಪಾಲು ಹಳೆಯ ಲೇಪನದ ತೊಟ್ಟಿಗಳ ಕೆಳಗೆ, ಅದೇ ಒಣಗಿದ ಶಿಥಿಲ ಪದರದಲ್ಲಿ ಕುಳಿತಿರುತ್ತದೆ. ಪ್ರತಿ ಮಳೆಗಾಲದಲ್ಲಿ ಅಲ್ಪಸ್ವಲ್ಪ ಕೆಳಗಿಳಿಯುತ್ತದೆ. ಆ ಪದರಕ್ಕೆ ಫೆರಸ್ ಸಲ್ಫೇಟನ್ನೋ ಕಾಕಂಬಿಯನ್ನೋ ನಿಯಂತ್ರಿತವಾಗಿ ಇಂಗಿಸಿ ಮೂಲದಲ್ಲಿಯೇ ಕಟ್ಟಿಹಾಕುವುದು, ಬಳಿಕ ಮೇಲ್ಭಾಗಕ್ಕೆ ನೀರಿಳಿಯದ ನೆಲಹಾಸು ಹಾಕುವುದು, ಬತ್ತಿದ ಕೊಳವೆಬಾವಿಗಳನ್ನು ಸಿಮೆಂಟಿನಿಂದ ತಳದವರೆಗೆ ಮುಚ್ಚುವುದು, ಕೆಟ್ಟ ನೀರಿನ ಬಾವಿಯಿದ್ದರೆ ಅದನ್ನು ನಿಲ್ಲಿಸದೆ ಎತ್ತಿ ಶುದ್ಧಗೊಳಿಸಿ ಕಾರ್ಖಾನೆಯ ಬಳಕೆಗೇ ಹಚ್ಚುವುದು ಇವು ಸಾಧುವಾದ ಕ್ರಮಗಳೆಂದು ನಾನು ವಿಚಾರಿಸಿದ ಭೂವಿಜ್ಞಾನಿಗಳ ಅಭಿಪ್ರಾಯ. ಬತ್ತಿದ ಬಾವಿಯ ಮಾತು ಮುಖ್ಯ. ಸಾವಿರ ಅಡಿ ಬಂಡೆ ತಡೆಯುತ್ತಿದ್ದ ವಿಷವನ್ನು ಒಂದೇ ಮಳೆಯಲ್ಲಿ ಕೆಳಗಿಳಿಸುವ ಕೊಳವೆ ಅದು. ಅದಕ್ಕೆ ತ್ಯಾಜ್ಯವನ್ನೇ ಬಿಡುವವರ ವಿಷಯ ಬರೆಯಲು ಲೇಖನಿ ಹಿಂಜರಿಯುತ್ತದೆ.

ಈ ಕ್ರಮಗಳಿಗೂ ಅಡ್ಡಪರಿಣಾಮಗಳಿವೆ. ಕಾಕಂಬಿ ಹೆಚ್ಚಾದರೆ ಮಣ್ಣಿನಲ್ಲಿರುವ ಕಬ್ಬಿಣ, ಮ್ಯಾಂಗನೀಸ್ ಕರಗಿ ನೀರಿಗೆ ಬರುತ್ತವೆ, ದುರ್ನಾತವೂ ಬರುತ್ತದೆ. ಫೆರಸ್ ಸಲ್ಫೇಟ್ ನೆಲವನ್ನು ಆಮ್ಲೀಯಗೊಳಿಸುತ್ತದೆ. ಮ್ಯಾಂಗನೀಸ್ ಆಕ್ಸೈಡ್ ಹೆಚ್ಚಿರುವ ಮಣ್ಣಿನಲ್ಲಿ ಹಿಡಿದಿಟ್ಟ ಕ್ರೋಮಿಯಂ ಮತ್ತೆ ಹಳೆಯ ರೂಪಕ್ಕೆ ಮರಳುವ ಸಂಭವವೂ ಉಂಟು. ಎಲ್ಲಕ್ಕಿಂತ ಮುಖ್ಯವಾಗಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯಿಲ್ಲದೆ ಯಾವುದೇ ರಾಸಾಯನಿಕವನ್ನು ನೆಲಕ್ಕೆ ಅಥವಾ ಬಾವಿಗೆ ಬಿಡುವುದು 1974ರ ಜಲ ಕಾಯಿದೆಯ 24ನೇ ಕಲಮಿನ ವ್ಯಾಪ್ತಿಗೆ ಬರಬಹುದು. ಮದ್ದನ್ನೇ ಹಾಕಿದೆ ಎಂಬ ಸಮಜಾಯಿಷಿ ಅಲ್ಲಿ ಸುಲಭವಾಗಿ ನಡೆಯದು. ಮೊದಲು ಲಿಖಿತ ಅನುಮತಿ, ಆ ಬಳಿಕವೇ ಪ್ರಯೋಗ.

ನನ್ನ ಕಕ್ಷಿದಾರರು ಕೊನೆಗೆ ಖರ್ಚು ಮಾಡಿದ್ದು ಪುಡಿಗಲ್ಲ, ತಪಾಸಣೆಗೆ: ತೊಟ್ಟಿಗಳ ಸುತ್ತ ಬೇರೆ ಬೇರೆ ಆಳದ ಮಣ್ಣಿನ ಮಾದರಿ, ಎರಡು ನಿಗಾ ಬಾವಿ, ನೆರೆಯ ಬಾವಿಗಳ ನೀರಿನ ಪರೀಕ್ಷೆ. ಸಲಹೆಗಾರರು ಕೇಳಿದ್ದ ಮೊತ್ತದ ಒಂದು ಸಣ್ಣ ಪಾಲಿನಲ್ಲಿ ಇದು ಮುಗಿಯಿತು. ವಿಷವಿದ್ದುದು ಇಡೀ ನಿವೇಶನದಲ್ಲಿ ಅಲ್ಲ, ಮೂರು ತೊಟ್ಟಿಗಳ ಕೆಳಗೆ ಮಾತ್ರ ಎಂದು ಗೊತ್ತಾಯಿತು.

ಲೆಕ್ಕಪುಸ್ತಕದಲ್ಲಿ ಇದಕ್ಕೆ ಜಾಗವೆಲ್ಲಿ?

ಈ ವಿಷಯವನ್ನು ಮುಂದೂಡಲು ಇದ್ದ ಕಾನೂನಿನ ಸಡಿಲ ಈಗ ಕಡಿಮೆಯಾಗಿದೆ. ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಕಲುಷಿತ ತಾಣಗಳ ನಿರ್ವಹಣೆಯ ನಿಯಮಗಳನ್ನು ಪರಿಸರ ಸಂರಕ್ಷಣಾ ಕಾಯಿದೆಯಡಿ ಹೊರಡಿಸಿತು. ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತವು ಸಂಶಯಾಸ್ಪದ ತಾಣಗಳ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ರಾಜ್ಯ ಮಂಡಳಿಗೆ ನೀಡಬೇಕು; ಮಂಡಳಿ 90 ದಿನಗಳಲ್ಲಿ ಪ್ರಾಥಮಿಕ ಪರಿಶೀಲನೆ ನಡೆಸಿ, ಅಗತ್ಯವಿದ್ದರೆ ವಿವರವಾದ ಸಮೀಕ್ಷೆ ಮಾಡಿಸಬೇಕು; ಹೊಣೆಗಾರರನ್ನು ಗುರುತಿಸಿ ಖರ್ಚನ್ನು ಅವರಿಂದ ವಸೂಲು ಮಾಡಬೇಕು. ಆಗ ದೇಶದಲ್ಲಿ ಗುರುತಿಸಲಾಗಿದ್ದ 103 ತಾಣಗಳ ಪೈಕಿ ಏಳರಲ್ಲಿ ಮಾತ್ರ ಶುದ್ಧೀಕರಣ ಆರಂಭವಾಗಿತ್ತು. ಗುರುತಿಸಿದ ತಾಣವನ್ನು ಇಂತಿಷ್ಟು ವರ್ಷದೊಳಗೆ ಶುದ್ಧಗೊಳಿಸಬೇಕೆಂಬ ಗಡುವು ನಿಯಮಗಳಲ್ಲಿ ಇಲ್ಲದಿರುವುದು ದೊಡ್ಡ ಕೊರತೆಯೆಂದೇ ನನ್ನ ಅಭಿಪ್ರಾಯ. ಆದರೆ ಗಡುವಿಲ್ಲದಿರುವುದು ಉದ್ಯಮಿಗೆ ಅನುಕೂಲವೆಂದು ಭಾವಿಸುವುದು ತಪ್ಪು. ರಾಜಸ್ಥಾನದ ಉದಯಪುರ ಬಳಿಯ ಬಿಛ್ಡಿ ಗ್ರಾಮದ ಬಾವಿಗಳನ್ನು ಕೆಡಿಸಿದ ರಾಸಾಯನಿಕ ಕಂಪನಿಗಳ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1996ರಲ್ಲಿಯೇ 'ಮಲಿನಗೊಳಿಸಿದವನೇ ತೆರಬೇಕು' ಎಂಬ ತತ್ವವನ್ನು ಎತ್ತಿಹಿಡಿಯಿತು. ಕಂಪನಿಗಳು ಅರ್ಜಿಗಳ ಮೇಲೆ ಅರ್ಜಿ ಹಾಕುತ್ತ ಕಾಲ ತಳ್ಳಿದವು. 2011ರಲ್ಲಿ ನ್ಯಾಯಾಲಯ 37.385 ಕೋಟಿ ರೂಪಾಯಿಯನ್ನು 1997ರ ನವೆಂಬರ್ 4ರಿಂದ ಶೇಕಡ 12ರ ಚಕ್ರಬಡ್ಡಿಯೊಂದಿಗೆ ಕಟ್ಟಲು ಆದೇಶಿಸಿತು. ವರ್ಷಕ್ಕೊಮ್ಮೆ ಬಡ್ಡಿ ಸೇರಿಸಿದರೂ ಆದೇಶದ ಹೊತ್ತಿಗೆ ಮೊತ್ತ 170 ಕೋಟಿ ದಾಟುತ್ತದೆ.

2004ರಿಂದ ಜಾರಿಯಲ್ಲಿರುವ ನಮ್ಮ ಲೆಕ್ಕಶಾಸ್ತ್ರ ಮಾನಕ 29ರ ಪ್ರಕಾರ, ಹಿಂದಿನ ಘಟನೆಯಿಂದ ಇಂದು ಹೊಣೆ ಹುಟ್ಟಿದ್ದು, ಹಣ ಹೊರಹೋಗುವ ಸಂಭವ ಹೆಚ್ಚಿದ್ದು, ಮೊತ್ತವನ್ನು ಅಂದಾಜಿಸಬಹುದಾದರೆ ಲಾಭದಿಂದ ಅವಕಾಶ ನಿಧಿಯನ್ನು ತೆಗೆದಿರಿಸಲೇಬೇಕು. ಅಷ್ಟು ಖಚಿತವಿಲ್ಲದಿದ್ದರೆ ಸಂಭಾವ್ಯ ಹೊಣೆಯೆಂದು ಟಿಪ್ಪಣಿಯಲ್ಲಾದರೂ ತೋರಿಸಬೇಕು. ಈ ಮಾನಕದ ಅನುಬಂಧದಲ್ಲಿ ಕೊಟ್ಟಿರುವ ಉದಾಹರಣೆಗಳಲ್ಲಿ ಒಂದು ಕಲುಷಿತ ಭೂಮಿಯದೇ: ನೆಲವನ್ನು ಕೆಡಿಸಿದ ಕಂಪನಿ, ಶುದ್ಧಗೊಳಿಸಬೇಕೆಂಬ ಕಾನೂನು ಬರುವುದು ಬಹುತೇಕ ಖಚಿತವಾದಾಗ ಏನು ಮಾಡಬೇಕೆಂಬುದು. ಪರೀಕ್ಷೆಗಾಗಿ ಅದನ್ನು ಓದಿದ ನಾವೆಲ್ಲ ತೈಲ ಕಂಪನಿಗಳಿಗೆ ಸಂಬಂಧಿಸಿದ್ದೆಂದು ಮರೆತೆವು. ಆ ಕಾನೂನು ಈಗ ಬಂದಾಗಿದೆ.

ಹೊಣೆಗಾರ ಯಾರೆಂದು ತೀರ್ಮಾನಿಸುವುದು ಇನ್ನೂ ಕಠಿಣ. ಇಪ್ಪತ್ತು ವರ್ಷಗಳಲ್ಲಿ ಮೂರು ಕೈ ಬದಲಾದ ಶೆಡ್ಡಿನಲ್ಲಿ ಮೊದಲ ಬಾಡಿಗೆದಾರರು ಊರು ಬಿಟ್ಟಿರುತ್ತಾರೆ, ಎರಡನೆಯವರ ಪಾಲುದಾರಿಕೆ ವಿಸರ್ಜನೆಯಾಗಿರುತ್ತದೆ, ನೋಟೀಸು ಬಂದು ತಟ್ಟುವುದು ಬಾಗಿಲಲ್ಲಿ ಕುಳಿತವನಿಗೆ. ಇಲ್ಲಿ ಅಮೆರಿಕದಿಂದ ತರಬೇಕಾದದ್ದು ರಾಸಾಯನಿಕಕ್ಕಿಂತ ಮೊದಲು ಒಂದು ವ್ಯವಹಾರ ಪದ್ಧತಿ. 1980ರ ಅವರ ಕಾನೂನು ಮಾಲೀಕನನ್ನು ತಪ್ಪಿತಸ್ಥನೋ ಅಲ್ಲವೋ ನೋಡದೆ ಹಿಡಿಯುತ್ತಿತ್ತು; ಸಣ್ಣ ಉದ್ಯಮಿಗಳ ಗೋಳಾಟದ ಬಳಿಕ 2002ರ ಜನವರಿಯಲ್ಲಿ ಸಣ್ಣ ಉದ್ಯಮಗಳ ಹೊಣೆಗೆ ರಿಯಾಯಿತಿ ನೀಡುವ ಕಾಯಿದೆ ಬಂದಿತು. ಕೊಳ್ಳುವ ಮುನ್ನ ನಿವೇಶನದ ಹಿಂದಿನ ಬಳಕೆಯನ್ನು ಕ್ರಮಬದ್ಧವಾಗಿ ವಿಚಾರಿಸಿದ ಪ್ರಾಮಾಣಿಕ ಖರೀದಿದಾರನಿಗೆ ಅದರಲ್ಲಿ ರಕ್ಷಣೆಯಿದೆ. ನಮ್ಮಲ್ಲಿ ಅಂತಹ ರಕ್ಷಣೆ ಕಾನೂನಿನಲ್ಲಿ ಇಲ್ಲದಿದ್ದರೂ ಕರಾರುಪತ್ರದಲ್ಲಿ ಬರೆಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಹಿಂದಿನ ಬಾಡಿಗೆದಾರರ ಪರವಾನಗಿ ಪತ್ರಗಳು, ಮಂಡಳಿಯ ಸಮ್ಮತಿ ಪತ್ರಗಳು, ಕ್ರಯದ ದಿನದ ನೀರು ಮತ್ತು ಮಣ್ಣಿನ ಪರೀಕ್ಷಾ ವರದಿ ಇವು ಕ್ರಯಪತ್ರದ ಅನುಬಂಧವಾಗಬೇಕು. ಶೆಡ್ಡನ್ನು ಬಾಡಿಗೆಗೆ ಕೊಡುವವರೂ ಕೀಲಿ ಕೊಡುವಾಗ ಮತ್ತು ಹಿಂಪಡೆಯುವಾಗ ಪರೀಕ್ಷೆ ಮಾಡಿಸಬೇಕು.

ಫ್ಲಾರಿಡಾ ರಾಜ್ಯದ ಇನ್ನೊಂದು ಉದಾಹರಣೆ ನಮ್ಮ ಸಂಘಗಳಿಗೆ ಉಪಯುಕ್ತ. ಅಲ್ಲಿನ ಡ್ರೈಕ್ಲೀನಿಂಗ್ ಅಂಗಡಿಗಳು ನಮ್ಮ ಲೇಪನ ಘಟಕಗಳಂತೆಯೇ ಸಣ್ಣವು. ದ್ರಾವಕ ಸೋರಿದರೆ ಶುದ್ಧೀಕರಣದ ಖರ್ಚು ಅಂಗಡಿಯ ಬೆಲೆಯನ್ನೇ ಮೀರುತ್ತಿತ್ತು. 1994ರಲ್ಲಿ ರಾಜ್ಯವು ಅವರ ವಹಿವಾಟಿನ ಮೇಲೆ ಶೇಕಡ 2 ಮತ್ತು ಪರ್ಕ್ಲೋರೋಎಥಿಲೀನ್ ದ್ರಾವಕದ ಪ್ರತಿ ಗ್ಯಾಲನ್ನಿಗೆ 5 ಡಾಲರ್ ವಿಧಿಸಿ ಸಾಮೂಹಿಕ ನಿಧಿ ಸ್ಥಾಪಿಸಿತು. ನಿಧಿಗೆ ಸೇರಿದ ತಾಣಗಳನ್ನು ಅಪಾಯದ ಕ್ರಮದಲ್ಲಿ ಶುದ್ಧಗೊಳಿಸಲಾಗುತ್ತಿದೆ. ಸರದಿ ನಿಧಾನವೆಂಬ ದೂರೂ ಇದೆ. ನಮ್ಮಲ್ಲಿ ಕ್ರೋಮಿಕ್ ಆಮ್ಲದ ಪ್ರತಿ ಕಿಲೋ ಖರೀದಿಗೂ ತೆರಿಗೆ ಬಿಲ್ಲು ಇರುವುದರಿಂದ, ಕಿಲೋಗೆ ಹತ್ತು ರೂಪಾಯಿಯಂತೆ ಸಂಘವೇ ಸಂಗ್ರಹಿಸುವುದು ಕಷ್ಟವಲ್ಲ. ತಿಂಗಳಿಗೆ 50 ಕಿಲೋ ಬಳಸುವ ಘಟಕ 500 ರೂಪಾಯಿ ಕೊಟ್ಟಂತಾಗುತ್ತದೆ. ಇದರಿಂದ ನೆಲ ಶುದ್ಧವಾಗದು. ಕೈಗಾರಿಕಾ ಪ್ರದೇಶಕ್ಕೆ ನಾಲ್ಕು ನಿಗಾ ಬಾವಿ, ವರ್ಷಕ್ಕೆರಡು ಪರೀಕ್ಷೆ ಆದೀತು. ಒಬ್ಬೊಬ್ಬರೇ ಪರೀಕ್ಷೆ ಮಾಡಿಸಿದರೆ ಫಲಿತಾಂಶ ತಮ್ಮ ಮೇಲೇ ಬೀಳುವುದೆಂಬ ಭಯ ನಮ್ಮವರಿಗಿದೆ. ಅದು ಸುಳ್ಳು ಭಯವೂ ಅಲ್ಲ. ಸಂಘದ ಹೆಸರಿನ ಪರೀಕ್ಷೆಗೆ ಆ ಭಯ ಕಡಿಮೆ.

ಕಕ್ಷಿದಾರರ ಶೆಡ್ಡಿನ ಕಥೆ ಇನ್ನೂ ಮುಗಿದಿಲ್ಲ. ಪರೀಕ್ಷಾ ವರದಿಯನ್ನು ಅನುಬಂಧವಾಗಿ ಲಗತ್ತಿಸಿ, ಬೆಲೆಯಲ್ಲಿ ಒಂದು ಪಾಲನ್ನು ಮೂರು ವರ್ಷಗಳ ಮಟ್ಟಿಗೆ ತಡೆಹಿಡಿಯುವ ಷರತ್ತಿನ ಮೇಲೆ 2024ರಲ್ಲಿ ನೋಂದಣಿ ಆಯಿತು. ಮೂರು ತೊಟ್ಟಿಗಳನ್ನು ಒಡೆದು ಮೇಲ್ಮಣ್ಣನ್ನು ಮಾತ್ರ ದಾಬಸ್‌ಪೇಟೆಗೆ ಕಳುಹಿಸಲಾಗಿದೆ. ಕೆಳಪದರಕ್ಕೆ ಫೆರಸ್ ಸಲ್ಫೇಟ್ ಇಂಗಿಸುವ ಯೋಜನೆಯ ಅರ್ಜಿ ಮಂಡಳಿಯ ಮುಂದಿದೆ. ಅಲ್ಲಿಯವರೆಗೆ ಕೊಳವೆಬಾವಿಯ ನೀರು ಶುದ್ಧೀಕರಣ ಘಟಕದ ಮೂಲಕವೇ ಯಂತ್ರಗಳಿಗೆ ಹೋಗುತ್ತಿದೆ, ಕುಡಿಯಲು ಟ್ಯಾಂಕರ್ ಬರುತ್ತಿದೆ. ಮುಂಗಾರು ಕಳೆದ ಮೇಲೆ, ಅಕ್ಟೋಬರ್ ಕೊನೆಗೆ ನಿಗಾ ಬಾವಿಗಳ ಮುಂದಿನ ಮಾದರಿ ತೆಗೆಯಬೇಕಾಗಿದೆ. ತಡೆಹಿಡಿದ ಹಣದ ಭವಿಷ್ಯವೂ ಆ ಬಾಟಲಿಗಳ ಫಲಿತಾಂಶವನ್ನೇ ಕಾಯುತ್ತಿದೆ.